ಕಾಲು ಉಳುಕಿದಾಗ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಆರೋಗ್ಯ ಮಾಹಿತಿ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿನಿ, ಫಿಜಿಯೋಥೆರಪಿಸ್ಟ್ ಒಬ್ಬರು ಆಡಿದ ಮಾತುಗಳ ಬರಹರೂಪ)



ಸಮಿತಿಯವರು ಫೋನು ಮಾಡಿ ಆರೋಗ್ಯದ ಬಗ್ಗೆ ಅರ್ಧ ತಾಸು ಮಾತಾಡಬೇಕು ಎಂದಾಗ, ಸಕ್ಕರೆ ಕಾಯಿಲೆಯೋ ಹೃದಯವೋ ಯಾವುದಾದರೂ ಆದೀತು ಎಂದಿದ್ದರು. ಅವುಗಳ ಬಗ್ಗೆ ಹೇಳಲು ನನಗಿಂತ ತಿಳಿದವರು ಬೇಕಾದಷ್ಟು ಜನ ಇದ್ದಾರೆ. ಟಿ.ವಿ.ಯಲ್ಲೂ ದಿನಾ ಬರುತ್ತದೆ. ನಾನು ಆರಿಸಿಕೊಂಡಿದ್ದು ಕಾಲಿನ ಗಂಟು. ಇದರ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ. ಆದರೆ ಮಳೆಗಾಲ ಮುಗಿದು ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ನಮ್ಮ ಸಿದ್ದಾಪುರ, ಶಿರಸಿ, ಯಲ್ಲಾಪುರ ಸೀಮೆಯ ಎಷ್ಟು ಮನೆಗಳಲ್ಲಿ ಒಬ್ಬರಾದರೂ ಕುಂಟುತ್ತಿರುತ್ತಾರೆ ಎಂಬುದು ನಿಮಗೇ ಗೊತ್ತು.

ನಮ್ಮ ಊರಿನ ನೆಲವೇ ಹಾಗೆ. ಸಪಾಟಾದ ಜಾಗ ಅಂದರೆ ಈ ಶಾಲೆಯ ಮೈದಾನ ಒಂದೇ, ಅದೂ ಪೂರ್ತಿ ಅಲ್ಲ. ಮನೆಯಿಂದ ತೋಟಕ್ಕೆ ಇಳಿಯಬೇಕು, ತೋಟದಿಂದ ಬೆಟ್ಟಕ್ಕೆ ಹತ್ತಬೇಕು. ತಡಮೆ ದಾಟಬೇಕು, ಸಂಕ ದಾಟಬೇಕು, ತೋಟದ ಬಸಿಗಾಲುವೆ ಹಾರಬೇಕು. ಆಷಾಢದಲ್ಲಿ ಅಂಗಳಕ್ಕೆ ಪಾಚಿ ಕಟ್ಟಿದರೆ ಬಚ್ಚಲಿಗೆ ಹೋಗಿ ಬರುವುದೂ ಒಂದು ಸಾಹಸ. ಸೊಪ್ಪಿನ ಹೊರೆ ತಲೆಯ ಮೇಲಿದ್ದರೆ ಕಾಲು ಎಲ್ಲಿ ಇಡುತ್ತಿದ್ದೇವೆ ಎಂಬುದೇ ಕಾಣುವುದಿಲ್ಲ. ಇಷ್ಟೆಲ್ಲದರ ಭಾರ ಬೀಳುವುದು ಅಂಗೈಯಲ್ಲಿ ಹಿಡಿಯುವಷ್ಟು ಅಗಲದ ಒಂದು ಕೀಲಿನ ಮೇಲೆ.

ಆ ಕೀಲಿಗೆ ಕನ್ನಡದಲ್ಲಿ ಒಳ್ಳೆಯ ಹೆಸರುಗಳಿವೆ. ಕಣಕಾಲು ಅನ್ನುತ್ತಾರೆ, ಕಾಲಿನ ಹರಡು ಅನ್ನುತ್ತಾರೆ, ನಾವು ಸುಮ್ಮನೆ ಕಾಲಗಂಟು ಅಂದುಬಿಡುತ್ತೇವೆ. ನಾನು ಕಣಕಾಲು ಎಂದೇ ಹೇಳುತ್ತೇನೆ. ಈಗ ಎಲ್ಲರೂ ಒಮ್ಮೆ ಬಗ್ಗಿ ಅದನ್ನು ಮುಟ್ಟಿಕೊಳ್ಳಿ. ಒಳಗಡೆ ಒಂದು ಗುಬುಟು, ಹೊರಗಡೆ ಒಂದು ಗುಬುಟು ಸಿಕ್ಕಿತೇ? ಹೊರಗಡೆಯದು ಒಳಗಡೆಯದಕ್ಕಿಂತ ಸ್ವಲ್ಪ ಕೆಳಗಿದೆ, ಗಮನಿಸಿ. ಈ ಸಣ್ಣ ವ್ಯತ್ಯಾಸ ಮುಂದೆ ಬೇಕಾಗುತ್ತದೆ.

ಮೊಣಕಾಲಿನಿಂದ ಕೆಳಗೆ ಎರಡು ಎಲುಬು ಇಳಿದು ಬರುತ್ತವೆ. ದಪ್ಪನೆಯದು ಟಿಬಿಯಾ, ಹೊರಮಗ್ಗುಲಿನ ತೆಳ್ಳನೆಯದು ಫಿಬುಲಾ. ನೀವು ಮುಟ್ಟಿದ ಎರಡು ಗುಬುಟುಗಳು ಇವುಗಳ ತುದಿಗಳೇ. ಎರಡೂ ಸೇರಿ ಕವೆಕೋಲನ್ನು ತಲೆಕೆಳಗು ಮಾಡಿದ ಹಾಗೆ ನಿಂತಿವೆ. ಆ ಕವೆಯ ನಡುವೆ ಟಾಲಸ್ ಎಂಬ ಎಲುಬು ಕೂತಿದೆ. ಪಾದ ಮೇಲೆ ಕೆಳಗೆ ಆಡುವುದು ಈ ಟಾಲಸ್ ಕವೆಯೊಳಗೆ ಉರುಳುವುದರಿಂದ. ಟಾಲಸ್ ಮುಂದುಗಡೆ ಅಗಲ, ಹಿಂದುಗಡೆ ಸಪೂರ. ಪಾದವನ್ನು ಮೇಲಕ್ಕೆ ಎತ್ತಿದಾಗ ಅಗಲದ ಭಾಗ ಕವೆಯೊಳಗೆ ಬಂದು ಬಿಗಿಯಾಗಿ ಕೂರುತ್ತದೆ. ಬೆರಳು ಕೆಳಗೆ ಮಾಡಿದಾಗ ಸಪೂರದ ಭಾಗ ಬಂದು ಕೀಲು ಸಡಿಲಾಗುತ್ತದೆ. ಧರೆ ಇಳಿಯುವಾಗ, ಮೆಟ್ಟಿಲು ಇಳಿಯುವಾಗ, ಹಾರಿ ನೆಲಕ್ಕೆ ಬರುವಾಗ ಪಾದ ಇದೇ ಸ್ಥಿತಿಯಲ್ಲಿ ಇರುತ್ತದೆ. ಹತ್ತುವಾಗ ಉಳುಕಿದೆ ಎಂದು ಬರುವವರು ಕಡಿಮೆ, ಇಳಿಯುವಾಗ ಉಳುಕಿಸಿಕೊಂಡವರೇ ಹೆಚ್ಚು. ಮದುವೆ ಮನೆಗೆ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿ ಹೋಗುವ ಹೆಣ್ಣುಮಕ್ಕಳು ಇಡೀ ದಿನ ಧರೆ ಇಳಿಯುತ್ತಲೇ ಇದ್ದ ಹಾಗೆ ಲೆಕ್ಕ.

ಎಲುಬಿಗೂ ಎಲುಬಿಗೂ ಕಟ್ಟಿದ ಹಗ್ಗಗಳಿವೆ. ನಿಮ್ಮ ವಿಜ್ಞಾನ ಪುಸ್ತಕದಲ್ಲಿ ಅಸ್ಥಿರಜ್ಜು ಎಂದಿರುತ್ತದೆ, ಆಸ್ಪತ್ರೆಯಲ್ಲಿ ಲಿಗಮೆಂಟ್ ಎನ್ನುತ್ತಾರೆ. ಒಳಮಗ್ಗುಲಿನದು ಅಗಲವಾದ ಬಲವಾದ ಪಟ್ಟಿ. ಹೊರಮಗ್ಗುಲಿನಲ್ಲಿ ಇರುವುದು ಮೂರು ಬೇರೆ ಬೇರೆ ಎಳೆಗಳು, ಅಷ್ಟು ಗಟ್ಟಿಯಲ್ಲ. ಹೊರಗಡೆಯ ಗುಬುಟು ಕೆಳಗೆ ಇಳಿದಿರುವುದರಿಂದ ಪಾದ ಹೊರಕ್ಕೆ ಹೊರಳಲು ಹೋದರೆ ಎಲುಬೇ ತಡೆಯುತ್ತದೆ. ಒಳಕ್ಕೆ ಹೊರಳಿದರೆ ತಡೆಯುವವರಿಲ್ಲ. ಆದ್ದರಿಂದಲೇ ಬಹುಪಾಲು ಉಳುಕುಗಳಲ್ಲಿ ಅಂಗಾಲು ಒಳಮುಖವಾಗಿ ತಿರುಗಿ ಹೊರಮಗ್ಗುಲಿನ ಎಳೆ ಜಗ್ಗುತ್ತದೆ ಅಥವಾ ಹರಿಯುತ್ತದೆ. ಮೊದಲು ಪೆಟ್ಟು ತಿನ್ನುವುದು ಸಾಮಾನ್ಯವಾಗಿ ಹೊರಗುಬುಟಿನ ಮುಂದೆ ಸ್ವಲ್ಪ ಕೆಳಗಿರುವ ಎಳೆ.

ನಮ್ಮಲ್ಲಿ ಇದನ್ನು ನರ ಹೊರಳಿದೆ, ನರ ಸರಿದಿದೆ ಎಂದು ಹೇಳುವ ರೂಢಿ. ಅಲ್ಲಿ ನರ ಹೊರಳುವುದಿಲ್ಲ. ಹಾಗೆ ಹೇಳಿದರೆ ಏನು ತೊಂದರೆ ಅಂತ ಕೇಳಬಹುದು. ತೊಂದರೆ ಇದೆ. ಸರಿದದ್ದು ಅಂದಮೇಲೆ ಅದನ್ನು ತಿಕ್ಕಿ ಸ್ವಸ್ಥಾನಕ್ಕೆ ತರಬೇಕು ಎಂದು ಮನಸ್ಸಿಗೆ ಬರುತ್ತದೆ. ಹರಿದ ಹಗ್ಗ ಎಂದುಕೊಂಡರೆ ಯಾರೂ ಅದನ್ನು ತಿಕ್ಕಲು ಹೋಗುವುದಿಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಉಳುಕಿದ್ದೋ, ಎಲುಬು ಮುರಿದಿದ್ದೋ? ಸಿದ್ದಾಪುರಕ್ಕೆ ಹೋಗಿ ಎಕ್ಸರೇ ತೆಗೆಸಬೇಕೋ, ಮನೆಯಲ್ಲೇ ನಾಲ್ಕು ದಿನ ನೋಡಬಹುದೋ? ಒಂದು ದಿನದ ಕೂಲಿ, ಬಸ್ಸು, ಜೊತೆಗೆ ಬರುವವರ ಒಂದು ದಿನ, ಕೊಟ್ಟಿಗೆಯ ಹಾಲು ಕರೆಯುವವರು ಯಾರು ಎಂಬ ಚಿಂತೆ, ಇವೆಲ್ಲ ಸೇರಿ ನಮ್ಮ ಜನ ಆಸ್ಪತ್ರೆಗೆ ಹೋಗುವುದನ್ನು ಮುಂದೂಡುತ್ತಾರೆ. ಅದನ್ನು ಬರೀ ಉದಾಸೀನ ಎಂದು ಬೈಯುವುದು ನನಗೆ ಸರಿ ಕಾಣುವುದಿಲ್ಲ. ಹೋಗಲೇಬೇಕಾದ್ದು ಯಾವಾಗ ಎಂದು ತಿಳಿದಿದ್ದರೆ ಸಾಕು.

ಕೆನಡಾ ದೇಶದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಇದಕ್ಕೊಂದು ಸರಳ ಪರೀಕ್ಷೆ ಪ್ರಕಟಿಸಿದರು. ಕಾಲು ಉಳುಕಿ ಆಸ್ಪತ್ರೆಗೆ ಬಂದವರಿಗೆಲ್ಲ ಎಕ್ಸರೇ ತೆಗೆಯುತ್ತಿದ್ದ ಕಾಲ ಅದು. ಹತ್ತು ಜನರಲ್ಲಿ ಒಬ್ಬಿಬ್ಬರಿಗೆ ಮಾತ್ರ ಎಲುಬು ಮುರಿದಿರುತ್ತಿತ್ತು. ಆ ಒಬ್ಬಿಬ್ಬರನ್ನು ಕೈಯಿಂದಲೇ ಹುಡುಕುವುದು ಹೇಗೆ ಎಂದು ಅವರು ಯೋಚಿಸಿದರು. ಇವತ್ತು ಜಗತ್ತಿನ ಎಷ್ಟೋ ಆಸ್ಪತ್ರೆಗಳಲ್ಲಿ ಇದನ್ನೇ ಬಳಸುತ್ತಾರೆ. ಯಂತ್ರ ಬೇಡ, ಎರಡು ಬೆರಳು ಸಾಕು. ಮಕ್ಕಳು ಬೇಕಾದರೆ ಬರೆದುಕೊಳ್ಳಿ.

ಮೊದಲನೆಯದು ನಡಿಗೆ. ಬಿದ್ದ ಕೂಡಲೇ ನಾಲ್ಕು ಹೆಜ್ಜೆ ಇಡಲು ಆಯಿತೇ? ಈಗ ಆಗುತ್ತದೆಯೇ? ಕುಂಟಿಕೊಂಡಾದರೂ ಅಡ್ಡಿಯಿಲ್ಲ, ಪೆಟ್ಟಾದ ಕಾಲಿನ ಮೇಲೆ ಎರಡು ಸಲ ಭಾರ ಬಿದ್ದರೆ ಸೈ. ಆಗಲೂ ಆಗಲಿಲ್ಲ, ಈಗಲೂ ಆಗುವುದಿಲ್ಲ ಎಂದಾದರೆ ಎಕ್ಸರೇ ಬೇಕು. ಎರಡನೆಯದು, ಗುಬುಟುಗಳ ಎಲುಬನ್ನೇ ಒತ್ತಿ ನೋಡುವುದು. ಗುಬುಟಿನ ತುದಿಯಿಂದ ಹಿಡಿದು ಮೇಲಕ್ಕೆ ನಾಲ್ಕು ಬೆರಳಗಲದವರೆಗೆ, ಎಲುಬಿನ ಹಿಂಬದಿಯ ಅಂಚನ್ನು ಒತ್ತುತ್ತಾ ಹೋಗಿ. ಹೊರಗಡೆಯದನ್ನೂ ಒಳಗಡೆಯದನ್ನೂ ಒತ್ತಬೇಕು. ಅಲ್ಲಿ ಎಲುಬು ಒತ್ತಿದಾಗ ನೋವಿದ್ದರೆ ಎಕ್ಸರೇ ಬೇಕು. ಗುಬುಟಿನ ಮುಂದೆ, ಮೆತ್ತಗಿನ ಜಾಗದಲ್ಲಿ ಮಾತ್ರ ನೋವು ಎಂದಾದರೆ ಅದು ಹಗ್ಗದ ನೋವು. ಮೂರನೆಯದು ಪಾದದ ಹೊರ ಅಂಚು. ಕಿರುಬೆರಳಿನಿಂದ ಹಿಮ್ಮಡಿಯ ಕಡೆಗೆ ಬೆರಳು ಎಳೆದರೆ ನಡುವೆ ಒಂದು ಉಬ್ಬು ಸಿಗುತ್ತದೆ. ಪಾದ ಹೊರಳಿದಾಗ ಇದೂ ಮುರಿಯುತ್ತದೆ, ಎಲ್ಲರೂ ಗಂಟನ್ನೇ ನೋಡುತ್ತಾ ಇದನ್ನು ಮರೆಯುತ್ತಾರೆ. ಪಾದದ ಒಳಬದಿಯಲ್ಲಿ, ಕಮಾನಿನ ಮೇಲ್ಗಡೆ ಇರುವ ಎಲುಬನ್ನೂ ಒತ್ತಿ ನೋಡಬೇಕು.

ಊತ ಎಷ್ಟಿದೆ ಎಂಬುದು ಈ ಪರೀಕ್ಷೆಯಲ್ಲಿ ಇಲ್ಲವೇ ಇಲ್ಲ. ಬರೀ ಉಳುಕಿಗೂ ಕಾಲು ಕುಂಬಳಕಾಯಿಯಂತೆ ಊದಬಹುದು, ಮುರಿದ ಕಾಲು ಸ್ವಲ್ಪವೇ ಊದಿರಬಹುದು. ಬೆರಳು ಆಡುತ್ತದೆ, ಹಾಗಾದರೆ ಮುರಿದಿಲ್ಲ ಎಂಬ ಮಾತೂ ಸುಳ್ಳು. ಬೆರಳಾಡಿಸುವ ಸ್ನಾಯು ಇರುವುದು ಬೇರೆ ಕಡೆ. ಇನ್ನೊಂದು, ಕುಡಿದವರಿಗೆ ಈ ಪರೀಕ್ಷೆ ನಡೆಯುವುದಿಲ್ಲ, ಅವರು ಮುರಿದ ಕಾಲಿನಲ್ಲೂ ನಡೆಯುತ್ತಾರೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೂ, ತೀರಾ ಚಿಕ್ಕ ಮಕ್ಕಳಿಗೂ ನಡೆಯುವುದಿಲ್ಲ. ಅವರನ್ನು ಆಸ್ಪತ್ರೆಗೇ ಕರೆದುಕೊಂಡು ಹೋಗಿ. ಪಾದ ಸೊಟ್ಟಗೆ ಕಂಡರೆ, ಎಲುಬು ಚರ್ಮ ಹರಿದು ಬಂದರೆ, ಬೆರಳು ತಣ್ಣಗಾಗಿ ನೀಲಿಯಾದರೆ ಯಾವ ಪರೀಕ್ಷೆಯೂ ಬೇಡ, 108ಕ್ಕೆ ಕರೆ ಮಾಡಿ.

ಇದು ಯಾಕೆ ಇಷ್ಟು ಮುಖ್ಯ ಎಂದು ಹೇಳಲು ನನ್ನಲ್ಲಿಗೆ ಬಂದ ಒಬ್ಬರ ವಿಷಯ ಹೇಳುತ್ತೇನೆ. ಹೆಸರು, ಊರು ಬೇಡ. ಅವರು ಕೊನೆಗೌಡರು. ಪಾದಗಳಿಗೆ ಹಗ್ಗದ ಬಳೆ ಹಾಕಿಕೊಂಡು ಮರ ತಬ್ಬಿ ಏರಿ, ಒಂದು ಮರದ ತಲೆಯಿಂದ ಇನ್ನೊಂದು ಮರಕ್ಕೆ ತೂಗಿ ದಾಟುತ್ತಿದ್ದವರು. ಅವರು ಮರದಿಂದ ಬಿದ್ದದ್ದಲ್ಲ. ಇಳಿದು ಬಂದು, ಕೊನೆ ಹೊತ್ತು, ಬಸಿಗಾಲುವೆ ದಾಟುವಾಗ ಕಾಲು ಹೊರಳಿತು. "ಎಂತ ಆಗ್ಲಿಲ್ಲ, ಉಳುಕಿದ್ದು ಅಷ್ಟೆ" ಎಂದು ಬಟ್ಟೆ ಸುತ್ತಿಕೊಂಡು ಮರುದಿನ ಮತ್ತೆ ಹೋದರು. ಕೊಯ್ಲಿನ ಹಂಗಾಮು, ಹತ್ತು ಮನೆಗೆ ಮಾತು ಕೊಟ್ಟಿದ್ದರು. ಮೂರು ವಾರ ಹಾಗೇ ನಡೆದರು. ನಡುವೆ ಎರಡು ಸಲ ಯಾರೋ ಎಳೆದು ತಿಕ್ಕಿ ಕಟ್ಟಿದರು. ಎಕ್ಸರೇ ತೆಗೆಸುವ ಹೊತ್ತಿಗೆ ಫಿಬುಲಾದ ತುದಿ ಮುರಿದು, ಜಾರಿ, ಸೊಟ್ಟಗೆ ಕೂಡಿಕೊಂಡಿತ್ತು. ಕವೆ ಅಗಲವಾದರೆ ಟಾಲಸ್ ಒಳಗೆ ಅಲ್ಲಾಡುತ್ತದೆ, ಒಂದೆರಡು ಮಿಲಿಮೀಟರ್ ಸರಿದರೂ ಭಾರವೆಲ್ಲ ಒಂದೇ ಮೂಲೆಗೆ ಬಿದ್ದು ಕೀಲು ಸವೆಯುತ್ತದೆ. ಮೊದಲ ವಾರದಲ್ಲಿ ಬಂದಿದ್ದರೆ ಒಂದು ಪಟ್ಟಿ, ನಾಲ್ಕಾರು ಸ್ಕ್ರೂಗಳಲ್ಲಿ ಮುಗಿಯುತ್ತಿದ್ದ ಕೆಲಸ. ನನ್ನ ಹತ್ತಿರ ಬರುವ ಹೊತ್ತಿಗೆ ಅವರಿಗೆ ಸಮತಟ್ಟಾದ ನೆಲದಲ್ಲೂ ಅರ್ಧ ಮೈಲಿ ನಡೆಯುವುದು ಕಷ್ಟ. ಮರ ಏರುವ ಮಾತು ಮುಗಿದಿತ್ತು. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದಲ್ಲಿ ನಿಂತೇ ಕೊಯ್ಯಬಹುದು ಎಂದು ಹೇಳುತ್ತಾರೆ. ನಿಜ. ಆದರೆ ತಲೆ ಮೇಲೆತ್ತಿ ದೋಟಿ ಹಿಡಿದು ತೋಟದ ಹೊಂಡದಂಚಿನಲ್ಲಿ ನಿಲ್ಲಲೂ ಗಟ್ಟಿ ಕಣಕಾಲು ಬೇಕೇ ಬೇಕು.

ಖರ್ಚಿನ ಹೆದರಿಕೆ ಇರುವವರಿಗೆ ಒಂದು ಮಾತು. ಸಿದ್ದಾಪುರದ ತಾಲೂಕು ಆಸ್ಪತ್ರೆ ಇದೆ, ಶಿರಸಿಯ ಪಂಡಿತ ಆಸ್ಪತ್ರೆ ಇದೆ. ಶಸ್ತ್ರಚಿಕಿತ್ಸೆ ಬೇಕು ಎಂದಾದರೆ ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯ ಇದೆ. ರೇಷನ್ ಕಾರ್ಡು, ಆಧಾರ್ ಜೊತೆಗಿಟ್ಟುಕೊಂಡು ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ರೆಫರಲ್ ಚೀಟಿ ಪಡೆದು ಮುಂದಕ್ಕೆ ಹೋಗುವುದು ಸುಲಭದ ದಾರಿ.

ಮುರಿದಿಲ್ಲ, ಉಳುಕು ಎಂದು ಗೊತ್ತಾಯಿತು. ಈಗ ಮನೆಯಲ್ಲಿ ಏನು ಮಾಡಬೇಕು?

ಮೊದಲಿಗೆ ಕಾಲುಂಗುರ, ಗೆಜ್ಜೆ ತೆಗೆಯಿರಿ. ನಮ್ಮ ಹೆಂಗಸರು ಕಾಲುಂಗುರ ತೆಗೆಯಲು ಒಪ್ಪುವುದಿಲ್ಲ, ನನಗೆ ಗೊತ್ತು. ಊತ ಬೆರಳಿಗೆ ಇಳಿದ ಮೇಲೆ ಅದನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ನಾಲ್ಕು ದಿನ ಕರಿಮಣಿ ಸರಕ್ಕೆ ಕಟ್ಟಿಕೊಳ್ಳಿ, ಯಾರೂ ಏನೂ ಅನ್ನುವುದಿಲ್ಲ.

ಎರಡು ಮೂರು ದಿನ ತಂಪು ಇಡಬೇಕು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ, ಎರಡು ಮೂರು ತಾಸಿಗೊಮ್ಮೆ. ಮಳೆಗಾಲದಲ್ಲಿ ಕರೆಂಟು ಹೋಗಿ ಫ್ರಿಜ್ಜು ಬೆಚ್ಚಗಾಗಿದ್ದರೆ ಬಾವಿ ನೀರಿನಲ್ಲಿ ಅದ್ದಿದ ಬಟ್ಟೆ ಸಾಕು, ನಮ್ಮ ಬಾವಿ ನೀರು ಏನೂ ಕಡಿಮೆ ತಂಪಲ್ಲ. ಕ್ರೇಪ್ ಬ್ಯಾಂಡೇಜನ್ನು ಬೆರಳಿನ ಬುಡದಿಂದ ಶುರು ಮಾಡಿ, ಹಿಮ್ಮಡಿ ಸುತ್ತಿ, ಮೇಲಕ್ಕೆ ಕಟ್ಟಿಕೊಂಡು ಬನ್ನಿ. ಗಂಟಿನ ಮೇಲೆ ಮಾತ್ರ ಬಿಗಿದರೆ ಪಾದ ಊದುತ್ತದೆ. ಉಗುರು ಒತ್ತಿ ಬಿಟ್ಟರೆ ಕೂಡಲೇ ಕೆಂಪು ಬಣ್ಣ ಮರಳಬೇಕು, ಬರದಿದ್ದರೆ ಬಿಚ್ಚಿ ಸಡಿಲ ಕಟ್ಟಿ. ಮಲಗಿದಾಗ ಕಾಲು ಎದೆಗಿಂತ ಎತ್ತರ ಇರಲಿ. ಕುರ್ಚಿಯಲ್ಲಿ ಕೂತು ಇನ್ನೊಂದು ಕುರ್ಚಿಯ ಮೇಲೆ ಕಾಲಿಟ್ಟರೆ ಅದು ಎದೆಗಿಂತ ಎತ್ತರ ಆಗುವುದಿಲ್ಲ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಅಂಗಡಿಯಲ್ಲಿ ಕೇಳಿ ತರುವ ನೋವಿನ ಗುಳಿಗೆಗಳು ಹೊಟ್ಟೆ ಹುಣ್ಣಿನವರಿಗೆ, ಕಿಡ್ನಿ ತೊಂದರೆಯವರಿಗೆ ಅಪಾಯ.

ಈ ತಂಪಿನ ವಿಷಯದಲ್ಲಿ ಒಂದು ಕಥೆ ಇದೆ. ವಿಶ್ರಾಂತಿ, ಮಂಜುಗಡ್ಡೆ, ಬಿಗಿಕಟ್ಟು, ಎತ್ತರ ಎಂಬ ನಾಲ್ಕರ ಸೂತ್ರವನ್ನು 1978ರಲ್ಲಿ ಅಮೆರಿಕದ ಗೇಬ್ ಮರ್ಕಿನ್ ಎಂಬ ವೈದ್ಯರು ತಮ್ಮ ಪುಸ್ತಕದಲ್ಲಿ ಬರೆದರು. ನಾಲ್ಕರ ಇಂಗ್ಲಿಷ್ ಮೊದಲಕ್ಷರ ಸೇರಿಸಿದರೆ 'ರೈಸ್' ಎಂದಾಗುತ್ತದೆ, ಹಾಗಾಗಿ ಜಗತ್ತಿಗೆಲ್ಲ ಬಾಯಿಪಾಠವಾಯಿತು. ಮೂವತ್ತಾರು ವರ್ಷದ ನಂತರ, 2014ರಲ್ಲಿ, ಅದೇ ವೈದ್ಯರು ಮಂಜುಗಡ್ಡೆಯೂ ಪೂರ್ತಿ ವಿಶ್ರಾಂತಿಯೂ ಗುಣವಾಗುವುದನ್ನು ನಿಧಾನ ಮಾಡಬಹುದು ಎಂದು ಬರೆದರು. ಊತ ಎಂಬುದು ಮೈ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳುವ ಕೆಲಸದ ಭಾಗವೇ. ನಾನು ನನ್ನ ರೋಗಿಗಳಿಗೆ ತಂಪನ್ನು ನೋವು ತಡೆಯಲು ಮಾತ್ರ ಎಂದು ಹೇಳುತ್ತೇನೆ. ಎರಡು ದಿನ ಇಟ್ಟರೆ ಸಾಕು, ಎರಡು ವಾರ ಬೇಡ.

ಮೊದಲ ಎರಡು ಮೂರು ದಿನ ಬಿಸಿ ಶಾಖ ಬೇಡ, ತಿಕ್ಕುವುದು ಬೇಡ, ಸೆರೆ ಬೇಡ. ನಮ್ಮ ಮನೆಗಳಲ್ಲಿ ಹುಣಸೆಹುಳಿ, ಉಪ್ಪು ಕುದಿಸಿ ಪಟ್ಟು ಹಾಕುತ್ತಾರೆ, ಲಕ್ಕಿಸೊಪ್ಪಿನ ಶಾಖ ಕೊಡುತ್ತಾರೆ. ನನ್ನ ಅಜ್ಜಿಯೂ ಕೊಡುತ್ತಿದ್ದಳು. ಹೊಸ ಪೆಟ್ಟಿಗೆ ಬಿಸಿ ಹಾಕಿದರೆ ಒಳಗಿನ ರಕ್ತಸ್ರಾವ ಹೆಚ್ಚುತ್ತದೆ. ವಾರ ಕಳೆದು ಊತ ಇಳಿದ ಮೇಲೆ ಹಿಡಿದುಕೊಂಡ ಕಾಲಿಗೆ ಲಕ್ಕಿಸೊಪ್ಪಿನ ಬಿಸಿನೀರು ಹಿತವೇ, ಧಾರಾಳವಾಗಿ ಮಾಡಿ. ನಾಟಿ ವೈದ್ಯರ ಬಗ್ಗೆ ಕೇಳುತ್ತೀರಿ. ಆಂಧ್ರದ ಪುತ್ತೂರಿನ ಕಟ್ಟಿಗೆ ಕರ್ನಾಟಕದಿಂದಲೂ ಜನ ಹೋಗುತ್ತಾರೆ, ನಮ್ಮ ಸೀಮೆಯಲ್ಲೂ ಕೈಗುಣ ಇದ್ದವರಿದ್ದಾರೆ, ಅವರ ಬಗ್ಗೆ ನನಗೆ ತಿರಸ್ಕಾರ ಇಲ್ಲ. ನನ್ನ ಬೇಡಿಕೆ ಇಷ್ಟೇ: ಎಕ್ಸರೇ ನೋಡದೆ ಎಳೆಯಬಾರದು, ಬಿದಿರು ದಬ್ಬೆ ಇಟ್ಟು ಬಿಗಿದ ಕಟ್ಟಿನ ಕೆಳಗೆ ಬೆರಳು ಜೋಮು ಹಿಡಿದರೆ ಅಥವಾ ಕಪ್ಪಾದರೆ ಆ ಕ್ಷಣ ಬಿಚ್ಚಬೇಕು, ನಡುರಾತ್ರಿಯಾದರೂ ಸರಿ. ಬಿಗಿದ ಕಟ್ಟಿನಿಂದ ಪಾದವೇ ಕಳೆದುಹೋದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿ ಬೇಕಾದಷ್ಟಿವೆ.

ಮೂರನೆಯ ದಿನದಿಂದ ನನ್ನ ಕೆಲಸ ಶುರು. ಹೆಚ್ಚಿನವರು ಇಲ್ಲಿಯೇ ಬಿಡುವುದು. ನೋವು ಇಳಿಯಿತು, ನಡೆಯಲಾಗುತ್ತದೆ, ಮುಗಿಯಿತು ಎಂದುಕೊಳ್ಳುತ್ತಾರೆ. ಆರು ತಿಂಗಳಲ್ಲಿ ಅದೇ ಕಾಲು ಮತ್ತೆ ಉಳುಕುತ್ತದೆ. ಕಾಲು ಉಳುಕುವುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಹಿಂದೆ ಒಮ್ಮೆ ಉಳುಕಿದ್ದು. ಯಾಕೆಂದರೆ ಹಗ್ಗದೊಳಗೆ ಸಣ್ಣ ಸಣ್ಣ ನರದ ತುದಿಗಳಿವೆ. ಪಾದ ಎಷ್ಟು ವಾಲಿದೆ ಎಂದು ಅವು ಕ್ಷಣಕ್ಷಣಕ್ಕೂ ಮಿದುಳಿಗೆ ಸುದ್ದಿ ಕಳಿಸುತ್ತವೆ. ಕತ್ತಲಲ್ಲಿ ಸಂಕ ದಾಟುವಾಗ ನಾವು ಕಣ್ಣಿನಿಂದ ದಾಟುವುದಿಲ್ಲ, ಈ ಸುದ್ದಿಯಿಂದ ದಾಟುತ್ತೇವೆ. ಹಗ್ಗ ಹರಿದಾಗ ಸುದ್ದಿಯೂ ಕಡಿಯುತ್ತದೆ. ಹಗ್ಗ ತಾನಾಗಿ ಕೂಡಿಕೊಂಡರೂ ಸುದ್ದಿ ತಾನಾಗಿ ಸರಿಹೋಗುವುದಿಲ್ಲ, ಅದನ್ನು ಕಲಿಸಬೇಕು.

ಕಲಿಸುವುದು ಹೀಗೆ. ಮೊದಲು ಕೂತುಕೊಂಡು ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಯಿರಿ. ನಮ್ಮ ಪುಸ್ತಕಗಳಲ್ಲಿ ಇಂಗ್ಲಿಷ್ ಅಕ್ಷರ ಬರೆಸಲು ಹೇಳಿದ್ದಾರೆ. ನಾನು ಕನ್ನಡವನ್ನೇ ಬರೆಸುತ್ತೇನೆ. ನಮ್ಮ ಅಕ್ಷರ ದುಂಡಗೆ, ಕಣಕಾಲು ಎಲ್ಲ ಕಡೆಗೂ ತಿರುಗುತ್ತದೆ. ಒಂದು ಸಲ ಅ ಇಂದ ಳ ತನಕ ಬರೆದರೆ ಒಂದು ಸುತ್ತು. ದಿನಕ್ಕೆ ಮೂರು ಸುತ್ತು. ಒಂದನೆಯ ತರಗತಿಯಲ್ಲಿ ತಪ್ಪಿಸಿಕೊಂಡವರು ಈಗ ಬರೆಯಬೇಕಾಗುತ್ತದೆ! ನಂತರ ಗೋಡೆ ಹಿಡಿದು ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಹತ್ತು ಹತ್ತರಂತೆ. ಅದು ಸಲೀಸಾದ ಮೇಲೆ ಪೆಟ್ಟಾದ ಒಂದೇ ಕಾಲಿನ ಮೇಲೆ ಅರ್ಧ ನಿಮಿಷ ನಿಲ್ಲುವುದು. ಹಲ್ಲುಜ್ಜುವಾಗ ನಿಂತರೆ ಪ್ರತ್ಯೇಕ ಸಮಯ ಬೇಡ. ಅದೂ ಬಂದ ಮೇಲೆ ಕಣ್ಣು ಮುಚ್ಚಿ ನಿಲ್ಲುವುದು, ಪಕ್ಕದಲ್ಲಿ ಹಿಡಿದುಕೊಳ್ಳಲು ಏನಾದರೂ ಇರಲಿ. ಆರು ವಾರ ಹೀಗೆ ಮಾಡಿದ ಆಟಗಾರರಿಗೆ ಮತ್ತೆ ಉಳುಕುವುದು ಕಡಿಮೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಒಂದು ಪೈಸೆಯ ಖರ್ಚಿಲ್ಲದ ಔಷಧಿ ಆದ್ದರಿಂದಲೋ ಏನೋ, ಮಾಡುವವರು ಕಡಿಮೆ.

ಎಷ್ಟು ದಿನ ಬೇಕು ಎಂಬುದಕ್ಕೆ ಹುಡುಗರಿಗೆ ಗೊತ್ತಿರುವ ಉದಾಹರಣೆ ಕೊಡುತ್ತೇನೆ. 2023ರ ಅಕ್ಟೋಬರ್ 19ರಂದು ಪುಣೆಯಲ್ಲಿ ಬಾಂಗ್ಲಾದೇಶದ ಎದುರು ಬೌಲಿಂಗ್ ಮಾಡುತ್ತಿದ್ದ ಹಾರ್ದಿಕ್ ಪಾಂಡ್ಯ ಚೆಂಡನ್ನು ಕಾಲಿನಿಂದ ತಡೆಯಲು ಹೋಗಿ ಎಡ ಕಣಕಾಲು ಹೊರಳಿಸಿಕೊಂಡರು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಗೆ ಕಳಿಸಿದರು. ದೇಶದ ಒಳ್ಳೆಯ ವೈದ್ಯರು, ಒಳ್ಳೆಯ ಯಂತ್ರಗಳು ಎಲ್ಲ ಇದ್ದವು. ಆದರೂ ವಿಶ್ವಕಪ್ಪಿನ ಉಳಿದ ಪಂದ್ಯ ಆಡಲಾಗಲಿಲ್ಲ. ದೊಡ್ಡ ಪಂದ್ಯಾವಳಿಗೆ ಮರಳಿದ್ದು 2024ರ ಮಾರ್ಚಿನ ಐಪಿಎಲ್‌ಗೆ. ಆ ಜೂನ್ 29ರ ಟಿ-20 ವಿಶ್ವಕಪ್ ಫೈನಲ್ಲಿನ ಕೊನೆಯ ಓವರ್ ಹಾಕಿದವರು ಅವರೇ. ನಮ್ಮ ತೋಟದ ಕೆಲಸದವರಿಗೆ, ಕೊಟ್ಟಿಗೆಯ ತಾಯಂದಿರಿಗೆ ನಾವು ನಾಲ್ಕು ದಿನವೂ ಕೊಡುವುದಿಲ್ಲ. ಸಣ್ಣ ಉಳುಕಿಗೆ ಒಂದೆರಡು ವಾರ, ಹಗ್ಗ ಪೂರ್ತಿ ಹರಿದರೆ ಆರರಿಂದ ಹನ್ನೆರಡು ವಾರ, ಇದು ಶ್ರೀಮಂತರಿಗೂ ಬಡವರಿಗೂ ಒಂದೇ ಲೆಕ್ಕ.

ಕಣಕಾಲಿನ ನೋವೆಲ್ಲ ಉಳುಕಲ್ಲ. ಬೀಳದೆ, ಹೊರಳದೆ ನೋವು ಬಂದರೆ ಬೇರೆ ಯೋಚನೆ ಮಾಡಬೇಕು. ರಾತ್ರಿ ಮಲಗುವಾಗ ಸರಿ ಇದ್ದು, ಬೆಳಗಿನ ಜಾವ ಹೆಬ್ಬೆರಳ ಬುಡವೋ ಕಣಕಾಲೋ ಕೆಂಪಗಾಗಿ ಹೊದಿಕೆ ತಾಗಿದರೂ ಉರಿಯುವಂತಾದರೆ ಯೂರಿಕ್ ಆಮ್ಲ ನೋಡಿಸಿ. ಜ್ವರ ಬಂದು ಹೋದ ಮೇಲೆ ತಿಂಗಳುಗಟ್ಟಲೆ ಕಣಕಾಲು, ಮಣಿಕಟ್ಟು ಹಿಡಿದುಕೊಂಡರೆ ಚಿಕುನ್‌ಗುನ್ಯಾ ಇರಬಹುದು. 2006ರಲ್ಲಿ ಆ ರೋಗ ರಾಜ್ಯವನ್ನೆಲ್ಲ ಕುಂಟಿಸಿದ್ದು ಹಿರಿಯರಿಗೆ ನೆನಪಿದೆ. ಅದರ ಸೊಳ್ಳೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ನಿಂತ ನೀರಿನಲ್ಲೇ ಮರಿ ಮಾಡುತ್ತದೆ, ಹಾಳೆಗಳನ್ನು ಹೆಕ್ಕಿ ಒಣ ಜಾಗದಲ್ಲಿ ಇಡಿ. ಎರಡೂ ಕಾಲು ಸಂಜೆ ಹೊತ್ತಿಗೆ ಸಮನಾಗಿ ಊದಿದರೆ ಅದು ಕೀಲಿನ ರೋಗವಲ್ಲ, ಹೃದಯ, ಕಿಡ್ನಿ ನೋಡಿಸಬೇಕು. ಬಿ.ಪಿ.ಯ ಆಮ್ಲೋಡಿಪಿನ್ ಗುಳಿಗೆಯಿಂದಲೂ ಕೆಲವರಿಗೆ ಹೀಗಾಗುತ್ತದೆ, ಡಾಕ್ಟರಿಗೆ ಹೇಳಿದರೆ ಬದಲಿಸಿ ಕೊಡುತ್ತಾರೆ, ನೀವೇ ನಿಲ್ಲಿಸಬೇಡಿ. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇದ್ದವರ ಒಂದು ಪಾದ ಬಿಸಿಯಾಗಿ, ಕೆಂಪಾಗಿ ಊದಿ, ನೋವು ಮಾತ್ರ ಇಲ್ಲ ಎಂದಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ನೋವಿಲ್ಲ ಎಂದು ನಡೆದಾಡಿದರೆ ಒಳಗಿನ ಎಲುಬು ಪುಡಿಯಾಗುತ್ತದೆ.

ಹಿಮ್ಮಡಿಯ ಹಿಂದಿನ ದಪ್ಪ ಹುರಿಯನ್ನು ಅಕಿಲಿಸ್ ಎನ್ನುತ್ತಾರೆ, ಗ್ರೀಕರ ವೀರನೊಬ್ಬ ಅಲ್ಲಿಗೆ ಬಾಣ ತಾಗಿ ಸತ್ತನಂತೆ. ನಮ್ಮ ಕೃಷ್ಣನೂ ಬೇಡನ ಬಾಣ ಪಾದಕ್ಕೆ ತಾಗಿಯೇ ಅವತಾರ ಮುಗಿಸಿದ್ದು, ತಾಳಮದ್ದಳೆ ಕೇಳುವವರಿಗೆ ಹೇಳಬೇಕಾಗಿಲ್ಲ. ಕಬಡ್ಡಿ, ವಾಲಿಬಾಲ್ ಆಡುವಾಗ ಯಾರೋ ಹಿಂದಿನಿಂದ ಒದ್ದಂತಾಗಿ, ತಿರುಗಿ ನೋಡಿದರೆ ಯಾರೂ ಇಲ್ಲ ಎಂದಾದರೆ ಈ ಹುರಿ ಹರಿದಿರಬಹುದು. ಬೋರಲು ಮಲಗಿಸಿ ಮೀನಖಂಡ ಹಿಂಡಿ. ಪಾದ ತುಸು ಆಡಬೇಕು. ಆಡದಿದ್ದರೆ ಕಾಯಬೇಡಿ.

ಇನ್ನು ನಮ್ಮ ತೋಟದ್ದೇ ಆದ ಒಂದು ಅಪಾಯ. ಮುಸ್ಸಂಜೆ ಸೊಪ್ಪಿನ ನಡುವೆ ಏನೋ ಚುಚ್ಚಿದಂತಾಯಿತು, ಮುಳ್ಳಿರಬಹುದು, ಕಾಲು ಉಳುಕಿತು ಎಂದು ಬರುತ್ತಾರೆ. ಅರ್ಧ ತಾಸಿನಲ್ಲಿ ಕಣಕಾಲು ಊದಿ ಉರಿಯುತ್ತಿರುತ್ತದೆ. ದೀಪ ಹಿಡಿದು ನೋಡಿ. ಒಂದೆರಡು ಚುಚ್ಚಿದ ಗುರುತು ಇದ್ದರೆ, ರಕ್ತ ಜಿನುಗುತ್ತಿದ್ದರೆ ಕೊಳಕುಮಂಡಲ ಇರಬಹುದು. ತಿಕ್ಕಬೇಡಿ, ಕೊಯ್ಯಬೇಡಿ, ಹಗ್ಗ ಬಿಗಿಯಬೇಡಿ, ನಡೆಸಬೇಡಿ. ಕಾಲು ಅಲ್ಲಾಡದಂತೆ ಇಟ್ಟು ವಾಹನದಲ್ಲಿ ಆಸ್ಪತ್ರೆಗೆ ಒಯ್ಯಿರಿ.

ಅಂಗಳಕ್ಕೆ ಸೋಗೆ ಹಾಸುವುದು, ಪಾಚಿಗೆ ಬ್ಲೀಚಿಂಗ್ ಪುಡಿ, ಸವೆದ ಹವಾಯಿ ಚಪ್ಪಲಿಯನ್ನು ಉಂಗುಷ್ಠ ಹರಿಯುವವರೆಗೂ ಹಾಕದಿರುವುದು, ಇವೆಲ್ಲ ನಿಮಗೆ ಗೊತ್ತಿದ್ದದ್ದೇ. ಯಕ್ಷಗಾನ ಕುಣಿಯುವ ಹುಡುಗರು ಊದಿದ ಕಾಲಿನ ಮೇಲೆ ಗೆಜ್ಜೆ ಬಿಗಿದು ರಂಗಕ್ಕೆ ಹೋಗಬೇಡಿ, ಅಷ್ಟು ಹೇಳಿ ನಿಲ್ಲಿಸುತ್ತೇನೆ. ಪ್ರಶ್ನೆ ಇದ್ದರೆ ಕೇಳಿ.

ಹಿರಿಯರೊಬ್ಬರು ಕೇಳಿದರು: ಹತ್ತು ವರ್ಷದ ಹಿಂದೆ ಮುರಿದ ಕಾಲು, ಪ್ಲೇಟ್ ಹಾಕಿದ್ದಾರೆ, ಮಳೆ ಬರುವ ಮುಂಚೆ ನೋವು ಬರುತ್ತದೆ. ಪ್ಲೇಟ್ ತೆಗೆಸಬೇಕೋ? — ತೊಂದರೆ ಕೊಡದ ಪ್ಲೇಟ್ ಅಲ್ಲೇ ಇದ್ದರೆ ಅಡ್ಡಿಯಿಲ್ಲ. ಸ್ಕ್ರೂ ಚರ್ಮಕ್ಕೆ ಒತ್ತಿ ನೋಯುತ್ತಿದ್ದರೆ, ಕೀವು ಬಂದರೆ ಮಾತ್ರ ತೆಗೆಸುತ್ತಾರೆ. ಥಂಡಿಯಲ್ಲಿ ಬಿಗಿಯಾದಾಗ ಬಿಸಿನೀರಿನಲ್ಲಿ ಕಾಲಿಟ್ಟು ಅಕ್ಷರ ಬರೆಯಿರಿ, ಮಾವ.

ಅಕ್ಕೋರೊಬ್ಬರು ಕೇಳಿದರು: ಶಾಲೆಯಲ್ಲಿ ಏನೇನು ಇಟ್ಟಿರಬೇಕು? — ಆರು ಇಂಚಿನ ಎರಡು ಕ್ರೇಪ್ ಬ್ಯಾಂಡೇಜ್, ಬಿಸಿಯೂಟದ ಕೋಣೆಯಲ್ಲಿ ಫ್ರಿಜ್ಜಿದ್ದರೆ ಮಂಜುಗಡ್ಡೆ, ಒಂದು ಜೊತೆ ಊರುಗೋಲು. ಊರುಗೋಲು ನಾನು ತಂದಿದ್ದೇನೆ, ಆಫೀಸಿನಲ್ಲಿ ಇಟ್ಟಿದ್ದೇನೆ.

ಕೊನೆಗೆ ಹತ್ತನೆಯ ತರಗತಿಯ ಒಬ್ಬ ಹುಡುಗ ಎದ್ದು ನಿಂತ. ಕಬಡ್ಡಿ ತಂಡದ ರೈಡರ್. ಕಾಲು ಉಳುಕಿ ಹನ್ನೆರಡು ದಿನ ಆಗಿದೆ, ಎಕ್ಸರೇ ತೆಗೆಸಿದ್ದಾರೆ, ಮುರಿದಿಲ್ಲ, ಮುಂದಿನ ವಾರ ತಾಲೂಕು ಮಟ್ಟದ ಪಂದ್ಯ, ಆಡಬಹುದೇ ಎಂದ. ಅವನನ್ನು ವೇದಿಕೆಗೆ ಕರೆದೆ. ಒಳ್ಳೆಯ ಕಾಲಿನಲ್ಲಿ ಕುಪ್ಪಳಿಸು ಎಂದೆ, ಇಪ್ಪತ್ತು ಸಲ ಕುಪ್ಪಳಿಸಿದ. ಪೆಟ್ಟಾದ ಕಾಲಿನಲ್ಲಿ ನಾಲ್ಕನೆಯದಕ್ಕೆ ಮೈ ವಾಲಿ ಇನ್ನೊಂದು ಕಾಲು ನೆಲಕ್ಕೆ ಇಟ್ಟ. ಕಣ್ಣು ಮುಚ್ಚಿ ನಿಲ್ಲು ಎಂದರೆ ಐದು ಎಣಿಸುವಷ್ಟೂ ನಿಲ್ಲಲಿಲ್ಲ. ಅವನ ಮುಖ ನೋಡಿ ನನಗೂ ಬೇಸರವಾಯಿತು. ಮುಂದಿನ ವಾರ ಬೇಡ ತಮ್ಮ, ಇನ್ನೂ ನಾಲ್ಕು ವಾರ ನಾನು ಹೇಳಿದ್ದನ್ನು ಮಾಡು, ಎರಡೂ ಕಾಲು ಒಂದೇ ಸಮ ಕುಪ್ಪಳಿಸಿದ ದಿನ ಮೈದಾನಕ್ಕೆ ಇಳಿ ಎಂದೆ. ದೈಹಿಕ ಶಿಕ್ಷಕರು ಅಲ್ಲಿಂದಲೇ, ಅವನ ಬದಲಿಗೆ ಒಂಬತ್ತನೆಯ ತರಗತಿಯವನನ್ನು ಹಾಕುತ್ತೇವೆ, ಇವನು ಅಂಕದ ಲೆಕ್ಕ ಬರೆಯಲು ಬರಲಿ ಎಂದರು.